ಒಂದು ಮುಖಕ್ಕೆ ಎಷ್ಟು ಲೈಟು?



ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ನನ್ನ ಬಳಿ ಬಂದರು. ಹುಡುಗ ಚಾಮರಾಜನಗರದ ಒಂದು ಸ್ಟುಡಿಯೋದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದಾನೆ. ಈಗ ತಾಳವಾಡಿಯಲ್ಲಿ ಸ್ವಂತ ಅಂಗಡಿ ತೆರೆಯಬೇಕೆಂದಿದ್ದಾನೆ. ಕ್ಯಾಮೆರಾ ಇದೆ, ಬಾಡಿಗೆಗೆ ಕೋಣೆಯೂ ಸಿಕ್ಕಿದೆ. ನಾಲ್ಕು ಲೈಟಿನ ಒಂದು ಸೆಟ್ಟು ತೆಗೆದುಕೊಳ್ಳಲು ಮಾತ್ರ ತಾಯಿಯ ಕೊರಳಿನ ಸರ ಗಿರವಿ ಇಡಬೇಕು.

"ನಾಲ್ಕು ಲೈಟಿಲ್ಲದೆ ಸ್ಟುಡಿಯೋ ನಡೆಯೋದಿಲ್ಲವಂತೆ ಸ್ವಾಮಿ, ನಿಜವಾ? ನೀವೇ ಒಂದು ಮಾತು ಹೇಳಿ" ಎಂದರು ಆ ತಾಯಿ. ಗುರುಮಠದಲ್ಲಿ ಓದುವಾಗ ಪತ್ರಿಕೆಗಾಗಿ ಫೋಟೋ ತೆಗೆಯುತ್ತಿದ್ದೆ ಎಂದು ಯಾವಾಗಲೋ ಹೇಳಿಕೊಂಡದ್ದು ನನ್ನ ಕೊರಳಿಗೇ ಬಂತು. "ಒಂದು ಸಾಕು ಕಣಪ್ಪಾ, ಅದನ್ನು ಚೆನ್ನಾಗಿ ಇಡೋದು ಕಲಿ" ಎಂದೆ. ಹುಡುಗನ ಮುಖ ಸಣ್ಣದಾಯಿತು. ಸ್ವಾಮಿಗಳಿಗೆ ಹಳೇ ಕಾಲದ ಬುದ್ಧಿ ಎಂದುಕೊಂಡಿರಬೇಕು.

ನಾನು ಹಾಗೆ ಹೇಳಲು ಕಾರಣ ನನ್ನದೇ ಒಂದು ತಪ್ಪು. ಹಿಂದೆ ನಾನಿದ್ದ ಊರಿನಲ್ಲಿ ಎಲ್ಲ ಕುಟುಂಬಗಳ ಫೋಟೋ ಇರುವ ಒಂದು ಪುಸ್ತಕ ಮಾಡಲು ಹೊರಟಿದ್ದೆವು. ಖರ್ಚು ಉಳಿಯಲಿ ಎಂದು ಫೋಟೋ ನಾನೇ ತೆಗೆದೆ. ಮದುವೆ ವಿಡಿಯೋದವರಿಂದ ಎರಡು ಹ್ಯಾಲೋಜನ್ ಲೈಟು ತಂದು ಎಡಕ್ಕೊಂದು ಬಲಕ್ಕೊಂದು ಸಮನಾಗಿ ನಿಲ್ಲಿಸಿದೆ. ಅದು ಸಾಲದೆಂದು ಕ್ಯಾಮೆರಾದ ಮೇಲಿನ ಫ್ಲ್ಯಾಶನ್ನೂ ಹೊಡೆದೆ. ಯಾರ ಮುಖವೂ ಕಪ್ಪಾಗಿ ಬರಬಾರದು ಎಂಬುದೊಂದೇ ನನ್ನ ಚಿಂತೆ. ಪುಸ್ತಕ ಬಂತು, ಎಲ್ಲರೂ ಹೊಗಳಿದರು.

ಎಂಟು ತಿಂಗಳಾದ ಮೇಲೆ ಎಂಬತ್ತು ದಾಟಿದ ಒಬ್ಬ ಅಜ್ಜಿ ತೀರಿಕೊಂಡರು. ಮನೆಯಲ್ಲಿ ಅವರದು ಬೇರೆ ಒಳ್ಳೆಯ ಫೋಟೋ ಇರಲಿಲ್ಲ. ನಾನು ತೆಗೆದದ್ದರಲ್ಲಿ ಅವರ ಮುಖವನ್ನಷ್ಟೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ತಿಂಗಳ ಪೂಜೆಯ ದಿನ ಮನೆಗೆ ಹೋದಾಗ ಮಗಳು ಅದನ್ನೇ ನೋಡುತ್ತಾ, "ಯಾಕೋ ಇದು ನಮ್ಮವ್ವ ಅನ್ನಿಸೋದೇ ಇಲ್ಲ ಸ್ವಾಮಿ" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಗುಳಿಬಿದ್ದ ಆ ಕೆನ್ನೆ, ಹಣೆಯ ಗೆರೆಗಳು, ಗದ್ದದ ಮೇಲಿನ ಹಳೆಯ ಗಾಯದ ಕುಳಿ, ಯಾವುದೂ ಅಲ್ಲಿರಲಿಲ್ಲ. ಮೂರು ಕಡೆಯಿಂದ ಬಿದ್ದ ಬೆಳಕು ಎಲ್ಲವನ್ನೂ ಒರೆಸಿ ಹಾಕಿತ್ತು. ಮತ್ತೊಮ್ಮೆ ತೆಗೆಯೋಣವೆಂದರೆ ಅಜ್ಜಿ ಎಲ್ಲಿದ್ದಾರೆ?

ಫೋಟೋ ಎಂದರೆ ಚಪ್ಪಟೆ ಕಾಗದ. ಅದರ ಮೇಲೆ ಮೂಗು ಉಬ್ಬಿದೆ, ಕೆನ್ನೆ ಒಳಗೆ ಹೋಗಿದೆ ಎಂದು ನಮಗೆ ತಿಳಿಯುವುದು ಮುಖ್ಯವಾಗಿ ನೆರಳಿನಿಂದ. ಒಂದೇ ಒಂದು ಲೈಟನ್ನು ಕುಳಿತವರ ಮುಖದಿಂದ ನಾಲ್ಕು ಅಡಿ ದೂರದಲ್ಲಿ, ಒಂದು ಪಕ್ಕಕ್ಕೆ ಓರೆಯಾಗಿ, ಕಣ್ಣಿಗಿಂತ ಸ್ವಲ್ಪ ಎತ್ತರಕ್ಕೆ ಇಟ್ಟು ನೋಡಿ. ಅದನ್ನು ನಿಧಾನವಾಗಿ ಪಕ್ಕಕ್ಕೆ ಸರಿಸುತ್ತಾ ಹೋದರೆ ಮೂಗಿನ ನೆರಳು ಕೆನ್ನೆಯ ನೆರಳನ್ನು ಮುಟ್ಟುವ ಒಂದು ಜಾಗ ಬರುತ್ತದೆ. ಆಗ ನೆರಳಿನ ಕಡೆಯ ಕಣ್ಣಿನ ಕೆಳಗೆ ತ್ರಿಕೋನದಂಥ ಒಂದು ತುಂಡು ಬೆಳಕು ಮಾತ್ರ ಉಳಿಯುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್ (1606-1669) ಬರೆದ ಮುಖಗಳಲ್ಲಿ ಈ ಬೆಳಕು ಕಾಣುವುದರಿಂದ ಇದಕ್ಕೆ ಅವನದೇ ಹೆಸರು ಬಂದಿದೆ. ಅದೇ ಲೈಟನ್ನು ಮುಖದ ನೇರಕ್ಕೆ ತಂದು ಎತ್ತರಿಸಿದರೆ ಮೂಗಿನ ಕೆಳಗೆ ಚಿಟ್ಟೆಯಂಥ ಪುಟ್ಟ ನೆರಳು ಬೀಳುತ್ತದೆ. 1930ರ ದಶಕದ ಹಾಲಿವುಡ್ ನಟಿಯರ ಫೋಟೋಗಳಲ್ಲಿ ಇದನ್ನು ನೋಡಬಹುದು. ಲೈಟು ಒಂದೇ, ಜಾಗ ಬೇರೆ.

ನೆರಳು ತೀರಾ ಒರಟಾಯಿತು ಎಂದು ಅನೇಕರು ಎರಡನೆಯ ಲೈಟು ಹಚ್ಚುತ್ತಾರೆ. ಅದು ಮದ್ದಲ್ಲ. ನೆರಳಿನ ಅಂಚು ಗಡುಸಾಗುವುದು ಲೈಟಿನ ಗಾತ್ರದಿಂದ, ಸಂಖ್ಯೆಯಿಂದಲ್ಲ. ಬರೀ ಬಲ್ಬಿನ ನೆರಳು ಚಾಕುವಿನಿಂದ ಕೊಯ್ದ ಹಾಗಿರುತ್ತದೆ. ಅದೇ ಬೆಳಕನ್ನು ದೊಡ್ಡ ಬಿಳಿ ಕೊಡೆಯ ಮೂಲಕ ಹತ್ತಿರದಿಂದ ಬಿಟ್ಟರೆ ಮೆತ್ತಗಾಗುತ್ತದೆ. ನಮ್ಮ ಮೈಬಣ್ಣಕ್ಕೆ ಹೆಚ್ಚು ಲೈಟು ಬೇಕು ಎನ್ನುವವರೂ ಇದ್ದಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಬೇಸರವಾಗುತ್ತದೆ. ಕಪ್ಪು ಮೈಬಣ್ಣದ ಅಂದ ಅದರ ಹೊಳಪಿನಲ್ಲಿದೆ. ದೊಡ್ಡ, ಮೃದುವಾದ ಒಂದು ಬೆಳಕಿನಲ್ಲಿ ಆ ಹೊಳಪು ಹರಡಿಕೊಂಡು ಮುಖದ ಆಕಾರವನ್ನೇ ತೋರಿಸುತ್ತದೆ. ನಾಲ್ಕು ಕಡೆಯಿಂದ ಹೊಡೆದು ಬೆಳ್ಳಗೆ ಮಾಡಬೇಕಾಗಿಲ್ಲ.

ಇನ್ನು ನೆರಳಿನ ಕಡೆ ತೀರಾ ಕತ್ತಲೆಯಾಗಿದೆ ಎನ್ನಿ. ಮೊದಲು ಒಂದು ಬಿಳಿ ಥರ್ಮಾಕೋಲ್ ಹಲಗೆಯನ್ನು ಆ ಕಡೆ ಹಿಡಿಯಿರಿ. ಒಗೆದ ಬಿಳಿ ಬೆಡ್‌ಶೀಟಾದರೂ ಆದೀತು. ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ದೂರ ಒಯ್ದರೆ ಗಾಢವಾಗುತ್ತದೆ. ಅದೂ ಸಾಲದಾದಾಗ ಎರಡನೆಯ ಲೈಟು. ಅದು ಮೊದಲನೆಯದಕ್ಕೆ ಸಮನಾಗಿ ಎದುರು ಪಕ್ಕದಲ್ಲಿ ನಿಂತರೆ ಮೂಗಿಗೆ ಎರಡು ನೆರಳು ಬೀಳುತ್ತದೆ. ಕ್ಯಾಮೆರಾದ ಪಕ್ಕದಲ್ಲೇ ಇಟ್ಟು ಹಿಂದಕ್ಕೆ ಸರಿಸಬೇಕು. ಬೆಳಕಿನ ಲೆಕ್ಕ ಹೀಗೆ: ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಮುಖ್ಯ ಲೈಟು ನಾಲ್ಕು ಅಡಿಯಲ್ಲಿದ್ದು, ಅಂಥದೇ ಇನ್ನೊಂದು ಎಂಟು ಅಡಿಯಲ್ಲಿದ್ದರೆ ಅದರ ಬೆಳಕು ಕಾಲುಭಾಗ. ಆರು ಅಡಿಗೆ ಸ್ವಲ್ಪ ಒಳಗಿದ್ದರೆ ಅರ್ಧ. ವಯಸ್ಸಾದವರಿಗೆ ನಾನು ಈಗ ಕಾಲುಭಾಗಕ್ಕಿಂತ ಹೆಚ್ಚು ಕೊಡುವುದಿಲ್ಲ.

ಮೂರನೆಯದು ತಲೆಗೂದಲಿಗೆ. ನಮ್ಮ ಕಪ್ಪು ಕೂದಲು ಕಡುಬಣ್ಣದ ಪರದೆಯ ಮುಂದೆ ಕಾಣದೆ ಹೋದಾಗ ಹಿಂದಿನಿಂದ ಮೇಲಿಂದ ಒಂದು ಸಣ್ಣ ಬೆಳಕು ಬಿಟ್ಟರೆ ತಲೆ ಬಿಡಿಸಿಕೊಂಡು ಕಾಣುತ್ತದೆ. ನನ್ನಂಥ ಬೋಳುತಲೆಯವರಿಗೆ ದಯವಿಟ್ಟು ಬೇಡ. ನಾಲ್ಕನೆಯದು ಪರದೆಗೆ. ತಿಳಿಬಣ್ಣದ ಪರದೆ ಹಾಕಿದರೆ ಇವೆರಡೂ ಬೇಡವಾಗುವುದೇ ಹೆಚ್ಚು.

ಹೆಸರಾಂತರು ಎರಡೂ ರೀತಿ ಮಾಡಿದ್ದಾರೆ. 1815ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರಿಗೆ ಮಗಳು ಅಳಿಯ ಕ್ಯಾಮೆರಾ ಕೊಟ್ಟದ್ದು 1863ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ. ಇಂಗ್ಲೆಂಡಿನ ವೈಟ್ ದ್ವೀಪದ ತಮ್ಮ ಮನೆಯ ಕೋಳಿಗೂಡನ್ನೇ ಅವರು ಗಾಜಿನ ಸ್ಟುಡಿಯೋ ಮಾಡಿಕೊಂಡರು. ಅವರಿಗಿದ್ದದ್ದು ಸೂರ್ಯನ ಬೆಳಕೊಂದೇ. ವಿಜ್ಞಾನಿ ಜಾನ್ ಹರ್ಷೆಲ್ ಅವರನ್ನು 1867ರಲ್ಲಿ ತೆಗೆದ ಚಿತ್ರ ನೋಡಿ: ಕತ್ತಲೆಯಿಂದ ಎದ್ದು ಬಂದಂಥ ಮುದಿಮುಖ, ಕೆದರಿದ ಬಿಳಿಕೂದಲು. ಕೆನಡಾದ ಯೂಸುಫ್ ಕಾರ್ಶ್ ಅವರ ದಾರಿ ಬೇರೆ. 1941ರ ಡಿಸೆಂಬರ್ 30ರಂದು ಒಟ್ಟಾವಾದ ಪಾರ್ಲಿಮೆಂಟಿನಲ್ಲಿ ಚರ್ಚಿಲ್ ಅವರನ್ನು ತೆಗೆಯಲು ಹಲವು ಲೈಟುಗಳನ್ನು ಮೊದಲೇ ಸಿದ್ಧಮಾಡಿ ಇಟ್ಟಿದ್ದರು. ಆದರೆ ಅವರು ನಾಟಕದ ರಂಗಮಂದಿರದಲ್ಲಿ ಬೆಳಕಿನ ಪಾಠ ಕಲಿತವರು. ಒಂದೊಂದು ಲೈಟಿಗೂ ಏನು ಕೆಲಸ ಎಂಬುದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಹೆಚ್ಚು ಲೈಟು ನಿಜವಾಗಿ ಬೇಕಾದ ಕಡೆಯೂ ಇದೆ ಎಂದು ಹುಡುಗನ ಪರವಾಗಿ ಹೇಳಲೇಬೇಕು. ಮೊಬೈಲು ಬಂದ ಮೇಲೆ ಸಣ್ಣ ಸ್ಟುಡಿಯೋದವರ ಅನ್ನ ಬಹುಪಾಲು ಪಾಸ್‌ಪೋರ್ಟ್ ಸೈಜಿನ ಫೋಟೋದಿಂದ. ಅಲ್ಲಿ ಮುಖದ ಮೇಲಾಗಲಿ ಹಿಂದಿನ ಗೋಡೆಯ ಮೇಲಾಗಲಿ ನೆರಳು ಇರಕೂಡದು. ಅದಕ್ಕೆ ಎರಡು ಪಕ್ಕದಿಂದ ಸಮನಾದ ಎರಡು ಲೈಟು ಬಹಳ ಅನುಕೂಲ. ಗುರುತಿನ ಚೀಟಿಗೆ ಚಪ್ಪಟೆ ಮುಖವೇ ಸರಿ. ಮನೆಮಂದಿಯೆಲ್ಲ ಎರಡು ಸಾಲಾಗಿ ನಿಂತಾಗ ಮಾತ್ರ ಲೈಟು ಹೆಚ್ಚಿಸುವ ಮೊದಲು ಇದ್ದದ್ದನ್ನು ಹಿಂದಕ್ಕೆ ಒಯ್ಯಿರಿ. ನಾಲ್ಕು ಅಡಿಯಲ್ಲಿ ಲೈಟಿದ್ದರೆ ಅದರಿಂದ ಎಂಟು ಅಡಿ ದೂರ ನಿಂತ ಅಜ್ಜನಿಗೆ ಸಿಗುವುದು ಕಾಲುಭಾಗ ಬೆಳಕು. ಹನ್ನೆರಡು ಅಡಿಗೆ ಒಯ್ದರೆ ಹದಿನಾರರಲ್ಲಿರುವ ಅಜ್ಜನಿಗೂ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ.

ನಿಮ್ಮ ಮನೆಯ ಗೋಡೆಯ ಮೇಲೆ ಸ್ಟುಡಿಯೋದಲ್ಲಿ ತೆಗೆಸಿದ ಮದುವೆಯ ಅಥವಾ ಪ್ರಥಮ ಪರಮಪ್ರಸಾದದ ಫೋಟೋ ಇದ್ದರೆ ಇಳಿಸಿ ಕಣ್ಣಿನ ಪಾಪೆಯನ್ನು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಚುಕ್ಕೆ ಎಷ್ಟಿವೆಯೋ ಎದುರಿಗೆ ಅಷ್ಟು ಲೈಟು ಇತ್ತೆಂದು ಹೆಚ್ಚುಕಡಿಮೆ ಹೇಳಬಹುದು. ನಮ್ಮ ಕ್ಯಾಟೆಕಿಸಂ ಮಕ್ಕಳಿಗೆ ಇದು ಒಳ್ಳೆಯ ಆಟವಾಗಿದೆ.

ಹುಡುಗ ಕೊನೆಗೆ ದೊಡ್ಡ ಕೊಡೆಯಿರುವ ಒಂದು ಲೈಟು, ಎರಡು ಥರ್ಮಾಕೋಲ್ ಹಲಗೆ ತಂದು ಅಂಗಡಿ ತೆರೆದಿದ್ದಾನೆ. ಸರ ತಾಯಿಯ ಕೊರಳಲ್ಲೇ ಇದೆ. ಪಾಸ್‌ಪೋರ್ಟ್ ಫೋಟೋಗೆಂದು ಎರಡನೆಯ ಲೈಟನ್ನು ಈಸ್ಟರ್ ಕಳೆದ ಮೇಲೆ ತರುತ್ತಾನಂತೆ. ಚಾಮರಾಜನಗರದಲ್ಲಿ ಯಾರೋ ಹಳೆಯದು ಮಾರುತ್ತಾರೆ, ಸ್ವಲ್ಪ ಬಂದು ನೋಡಿ ಹೇಳಿ ಸ್ವಾಮಿ ಎಂದು ನಿನ್ನೆ ಫೋನ್ ಮಾಡಿದ್ದ.