ತೀರ್ಪುಗಾರನು ನಿಲ್ಲುವ ಸ್ಥಳ

ಬೇಸ್‌ಬಾಲ್ ಆಟದಲ್ಲಿ ತೀರ್ಪುಗಾರನ ಕೆಲಸವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿಬಿಡಬೇಕೆಂದು ವಾದಿಸುವವರು ಅಮೆರಿಕದಲ್ಲಿ ಉಂಟು. ಮನುಷ್ಯನ ಕಣ್ಣು ತಪ್ಪುತ್ತದೆ, ಯಂತ್ರ ತಪ್ಪುವುದಿಲ್ಲ ಎಂಬುದು ಅವರ ತರ್ಕ. ಆದರೆ ತೀರ್ಪೆಂಬುದು ಒಂದು ಅಳತೆ. ಅಳತೆಯ ನಿಖರತೆಯು ನೋಡುವವನ ಕಣ್ಣನ್ನು ಮಾತ್ರವಲ್ಲದೆ ಅವನು ನಿಂತ ಸ್ಥಳವನ್ನೂ ಪಡೆದ ಶಿಕ್ಷಣವನ್ನೂ ಅವಲಂಬಿಸಿರುತ್ತದೆ.

ಮೊದಲನೆಯ ಬೇಸಿನಲ್ಲಿ ನಡೆಯುವುದನ್ನು ಗಮನಿಸಿರಿ. ದಾಂಡಿಗನು ಚೆಂಡನ್ನು ನೆಲಕ್ಕೆ ಹೊಡೆದು 90 ಅಡಿ ದೂರದ ಬೇಸಿಗೆ ಓಡುತ್ತಾನೆ. ಅವನ ಪಾದ ಬೇಸನ್ನು ಮುಟ್ಟುವ ಮೊದಲೇ, ಅಲ್ಲಿ ಕಾಲೂರಿರುವ ಎದುರಾಳಿಯ ಕೈಗೆ ಚೆಂಡು ಸೇರಿದರೆ ಅವನು ಔಟು. ಪಾದವನ್ನೂ ಚೆಂಡನ್ನೂ ಒಮ್ಮೆಗೇ ದಿಟ್ಟಿಸುವುದು ಕಷ್ಟ. ಆದುದರಿಂದ ತರಬೇತಿ ಹೊಂದಿದ ತೀರ್ಪುಗಾರನು ಬೇಸಿನ ಮೇಲೆ ಕಣ್ಣಿಟ್ಟು, ಚೆಂಡು ಕೈಗವಸಿಗೆ ಬಡಿಯುವ ಸದ್ದಿಗೆ ಕಿವಿಗೊಡುತ್ತಾನೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 5 ಮೀಟರು ದೂರದಲ್ಲಿ ನಿಂತವನಿಗೆ ಸದ್ದು ಸುಮಾರು 0.015 ಸೆಕೆಂಡು ತಡವಾಗಿ ಮುಟ್ಟುತ್ತದೆ. ಸೆಕೆಂಡಿಗೆ 8 ಮೀಟರು ಓಡುವವನು ಅಷ್ಟರಲ್ಲಿ ಸಾಗುವುದು 12 ಸೆಂಟಿಮೀಟರು ಮಾತ್ರ. 100 ಮೀಟರು ದೂರದ ಪ್ರೇಕ್ಷಕನಿಗಾದರೋ ಸದ್ದು ಕೇಳುವ ವೇಳೆಗೆ ಓಟಗಾರನು ಎರಡು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ. ಪ್ರೇಕ್ಷಕರ ಕೂಗಿಗೆ ಮಣಿದು ತೀರ್ಪು ಕೊಡಬಾರದೆಂಬುದಕ್ಕೆ ಭೌತವಿಜ್ಞಾನವೇ ಆಧಾರ.

ಹೋಮ್ ಪ್ಲೇಟಿನ ಹಿಂದಿನ ಕೆಲಸ ಇನ್ನೂ ಸೂಕ್ಷ್ಮವಾದುದು. ಗಂಟೆಗೆ 150 ಕಿಲೋಮೀಟರು ವೇಗದ ಎಸೆತವು ಸುಮಾರು 0.4 ಸೆಕೆಂಡಿನಲ್ಲಿ ಬಂದು ಮುಟ್ಟುತ್ತದೆ. 17 ಅಂಗುಲ ಅಗಲದ ಪ್ಲೇಟಿನ ಮೇಲೆ ಅದು ಹಾಯ್ದಿತೇ, ಪಕ್ಕಕ್ಕೆ ಸರಿಯಿತೇ ಎಂಬುದನ್ನು ತೀರ್ಪುಗಾರನು ಹೇಳಬೇಕು. ಅಮ್ಮೀಟರಿನ ಮುಳ್ಳನ್ನು ಓರೆಯಾಗಿ ನೋಡಿ ತಪ್ಪು ಅಂಕಿ ಬರೆದ ವಿದ್ಯಾರ್ಥಿಗೆ ಪ್ಯಾರಲಾಕ್ಸ್ ದೋಷ ತಿಳಿದೇ ಇರುತ್ತದೆ. ಇಲ್ಲಿಯೂ ಅದೇ ದೋಷ. ಅದನ್ನು ತಗ್ಗಿಸಲೆಂದೇ ತೀರ್ಪುಗಾರನು ದಾಂಡಿಗನಿಗೂ ಚೆಂಡು ಹಿಡಿಯುವವನಿಗೂ ನಡುವಣ ತೆರಪಿನಿಂದ, ತಲೆಯನ್ನು ಅಲುಗಿಸದೆ, ಚೆಂಡನ್ನು ಕೊನೆಯವರೆಗೂ ನೋಡಿ, ಅವಸರಪಡದೆ ನಿರ್ಣಯಿಸಲು ಕಲಿಯುತ್ತಾನೆ.

ಇಷ್ಟಾದರೂ ತಪ್ಪು ಸಂಭವಿಸುವುದುಂಟು. 2010ರ ಜೂನ್ 2ರಂದು ಡೆಟ್ರಾಯಿಟ್ ತಂಡದ ಗಲರಾಗ ಸತತವಾಗಿ 26 ದಾಂಡಿಗರನ್ನು ಔಟು ಮಾಡಿದ್ದನು. 27ನೆಯವನೂ ಔಟಾಗಿದ್ದರೂ ಅನುಭವಿ ತೀರ್ಪುಗಾರ ಜಿಮ್ ಜಾಯ್ಸ್ ಹಾಗಲ್ಲವೆಂದು ಸಾರಿದನು. ಚಿತ್ರವನ್ನು ನೋಡಿದ ಬಳಿಕ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡನು. ತೀರ್ಪು ಮಾತ್ರ ಬದಲಾಗಲಿಲ್ಲ. ಇಂಥ ಅನ್ಯಾಯಕ್ಕೆ ಪರಿಹಾರ ಬೇಕೆಂಬುದು ನಿರ್ವಿವಾದ. 2014ರಲ್ಲಿ ಚಿತ್ರ ಪರಿಶೀಲನೆಯನ್ನು ಬೇಸುಗಳ ಬಳಿಯ ತೀರ್ಪುಗಳಿಗೂ ವಿಸ್ತರಿಸಿದುದು ಯೋಗ್ಯವೇ ಆಯಿತು. 2026ರ ಋತುವಿಗೆ ಎಸೆತಗಳ ವಿಷಯದಲ್ಲಿಯೂ ಯಂತ್ರಕ್ಕೆ ಮೊರೆಹೋಗುವ ಅವಕಾಶವನ್ನು ಕಲ್ಪಿಸಲಾಯಿತು. ಆಟದ ಆರಂಭದಲ್ಲಿ ಪ್ರತಿ ತಂಡಕ್ಕೂ ಎರಡು ಅವಕಾಶಗಳು. ಗೆದ್ದರೆ ಅದು ಉಳಿಯುತ್ತದೆ.

ಈ ಮಿತಿಯೇ ನಮ್ಮ ವಾದಕ್ಕೆ ಪೋಷಕ. ಯಂತ್ರವು ಮೇಲ್ಮನವಿಯ ನ್ಯಾಯಾಲಯವಾಗಿರಲಿ. ಮೊದಲ ತೀರ್ಪು ಮನುಷ್ಯನದೇ ಆಗಿರಲಿ. ಕ್ಯಾಮರಾಗಳಿಲ್ಲದ ಶಾಲಾ ಮೈದಾನಗಳಲ್ಲಿ ಆಡುವ ಬಾಲಕರಿಗೂ ನ್ಯಾಯ ದೊರೆಯಬೇಕಷ್ಟೆ? ಅಲ್ಲಿರುವ ಸಾಧನವೆಂದರೆ ತೀರ್ಪುಗಾರನೊಬ್ಬನೇ. ಹೇಗೂ ಯಂತ್ರವಿದೆಯೆಂದು ದೊಡ್ಡ ಮೈದಾನಗಳಲ್ಲಿ ತರಬೇತಿಯನ್ನು ಕಡೆಗಣಿಸಿದರೆ ಆ ವಿದ್ಯೆ ಚಿಕ್ಕ ಮೈದಾನಗಳಿಗೆ ಇಳಿದು ಬರುವುದಾದರೂ ಎಲ್ಲಿಂದ? ಉಪಕರಣವನ್ನು ಕೊಳ್ಳುವ ಹಣದಲ್ಲಿ ಒಂದು ಪಾಲನ್ನಾದರೂ ನೋಡುವವನನ್ನು ಸಿದ್ಧಗೊಳಿಸಲು ವೆಚ್ಚಮಾಡುವುದು ವಿಜ್ಞಾನಕ್ಕೂ ನ್ಯಾಯಕ್ಕೂ ಒಪ್ಪುವ ಮಾರ್ಗ.