ಕ್ಯಾಸನೂರಿನಿಂದ ಕಡಲಾಚೆಗೆ

ಕಳೆದ ಭಾನುವಾರ ಸಂಜೆ ಸೊರಬ ತಾಲೂಕಿನ ಕ್ಯಾಸನೂರು ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿ ಹಿಂದೆ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಅನಂತರ ನಾಲ್ಕು ವರ್ಷ ಬಿ.ಎಸ್‌ಸಿ. ನರ್ಸಿಂಗ್ ಓದಿ, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಂಡು, ಈಗ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿದ್ದಾಳೆ. ಕಾಫಿಯ ಲೋಟವನ್ನು ಕೆಳಗಿಟ್ಟು ತಂದೆ ಮೆಲ್ಲನೆ ಮಾತು ತೆಗೆದರು.

“ಮೇಷ್ಟ್ರೇ, ಇವಳು ಇಂಗ್ಲೆಂಡಿಗೆ ಹೋಗುತ್ತೇನೆ ಅನ್ನುತ್ತಾಳೆ. ನಾಲ್ಕು ಲಕ್ಷ ಕೊಟ್ಟರೆ ಎಲ್ಲವನ್ನೂ ತಾನೇ ಮಾಡಿಸಿಕೊಡುತ್ತೇನೆಂದು ದಲ್ಲಾಳಿಯೊಬ್ಬ ಹೇಳುತ್ತಾನೆ. ಅಡಕೆ ತೋಟವನ್ನು ಅಡವಿಡಲೋ ಬೇಡವೋ, ನೀವೇ ಹೇಳಿ.”

ತೋಟದ ಮಾತು ಬಂದೊಡನೆ ಹುಡುಗಿ ತಲೆ ತಗ್ಗಿಸಿದಳು.

ಕ್ಯಾಸನೂರಿನ ಹೆಸರು ಅವಳಿಗಿಂತ ಮೊದಲೇ ಕಡಲು ದಾಟಿದೆ. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಣ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದರು. ಉಣುಗಿನ ಕಡಿತದಿಂದ ಹರಡುವ ಆ ರೋಗ ನಮಗೆ ಮಂಗನ ಕಾಯಿಲೆ. ಜಗತ್ತಿನ ವೈದ್ಯಗ್ರಂಥಗಳಿಗೆ ಕ್ಯಾಸನೂರು ಕಾಡಿನ ಕಾಯಿಲೆ. ಅದಕ್ಕೆಂದೇ ಗೊತ್ತಾದ ಮದ್ದು ಇಂದಿಗೂ ಇಲ್ಲ. ದೇಹದ ನೀರು ಆರದಂತೆ ಕಾಯುವುದು, ರಕ್ತದೊತ್ತಡವನ್ನು ನೋಡುತ್ತಿರುವುದು, ಮೂಗಿನಲ್ಲಿಯೋ ಒಸಡಿನಲ್ಲಿಯೋ ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ಕರೆಯುವುದು, ಇವೇ ಚಿಕಿತ್ಸೆಯ ಬಹುಪಾಲು. ಎಂದರೆ, ಅಲ್ಲಿ ದಾದಿಯ ಎಚ್ಚರವೇ ಅರ್ಧ ಔಷಧ.

ಹೊರದೇಶದ ಪರೀಕ್ಷೆಗಳು ಅಳೆಯುವುದೂ ಈ ಎಚ್ಚರವನ್ನೇ. ಬ್ರಿಟನ್ನಿನಲ್ಲಿ ನೋಂದಣಿ ಬಯಸುವವರು ಮೊದಲು ಇಂಗ್ಲಿಷ್ ಬಲ್ಲೆವೆಂದು ತೋರಿಸಬೇಕು. ಐಇಎಲ್‌ಟಿಎಸ್ ಪರೀಕ್ಷೆಯಾದರೆ ಒಟ್ಟಿನಲ್ಲಿ 7 ಅಂಕ, ಬರವಣಿಗೆಯಲ್ಲಿ ಮಾತ್ರ 6.5 ಸಾಕು, ಆರೋಗ್ಯ ಸಿಬ್ಬಂದಿಗೆಂದೇ ಏರ್ಪಟ್ಟ ಒಇಟಿ ಪರೀಕ್ಷೆಯನ್ನೂ ಬರೆಯಬಹುದು. ಬಳಿಕ ಕಂಪ್ಯೂಟರಿನ ಮುಂದೆ ಕುಳಿತು ಔಷಧದ ಪ್ರಮಾಣದ ಲೆಕ್ಕವನ್ನೂ ಶುಶ್ರೂಷೆಯ ಜ್ಞಾನವನ್ನೂ ಒಪ್ಪಿಸಬೇಕು. ಇದು ಭಾರತದಲ್ಲಿಯೇ ಆಗುತ್ತದೆ. ಕೊನೆಯದು ಬ್ರಿಟನ್ನಿನಲ್ಲಿಯೇ ನಡೆಯುವ, ಹತ್ತು ಘಟ್ಟಗಳ ಪ್ರಾಯೋಗಿಕ ಪರೀಕ್ಷೆ. ಅಮೆರಿಕದ ಎನ್‌ಸಿಎಲ್‌ಇಎಕ್ಸ್ ಪರೀಕ್ಷೆಯ ಬಗೆ ಬೇರೆ. ಐದು ಗಂಟೆಯ ಅವಧಿ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ. ನಾಲ್ವರು ರೋಗಿಗಳಲ್ಲಿ ಮೊದಲು ಯಾರ ಬಳಿಗೆ ಹೋಗುವೆ ಎಂದು ಕೇಳಿದರೆ ಬಾಯಿಪಾಠ ಯಾವ ಉಪಕಾರಕ್ಕೆ ಬಂದೀತು?

“ಇವುಗಳಲ್ಲಿ ಯಾವ ಪರೀಕ್ಷೆಯನ್ನು ಆ ದಲ್ಲಾಳಿ ಬರೆಯುತ್ತಾನೆ?” ಎಂದು ಕೇಳಿದೆ. ತಂದೆ ಮಗಳ ಮುಖ ನೋಡಿದರು.

ನಮ್ಮ ದೇಶದ ವಲಸೆ ನಿಯಮಗಳಂತೆ, ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಬ್ರಿಟನ್ ಸರ್ಕಾರದ ನೀತಿಸಂಹಿತೆಯಾದರೋ ನೇಮಕದ ಶುಲ್ಕವನ್ನು ಅಭ್ಯರ್ಥಿಯಿಂದ ಪಡೆಯಲೇಬಾರದೆನ್ನುತ್ತದೆ. ಪರೀಕ್ಷೆಗಳ ಶುಲ್ಕ ಬೇರೆ. ಅದನ್ನು ಆಯಾ ಸಂಸ್ಥೆಗೇ ನೇರವಾಗಿ ಕಟ್ಟಬಹುದು. ಏಜೆಂಟರ ನೋಂದಣಿ ನಿಜವೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಮನೆಯಲ್ಲಿ ಕುಳಿತೇ ನೋಡಬಹುದು. ಮೂಲ ಪ್ರಮಾಣಪತ್ರಗಳನ್ನು ಮಾತ್ರ ಯಾರ ಕೈಗೂ ಒಪ್ಪಿಸಬಾರದು. ಮೇಲಾಗಿ 2024-25ರಲ್ಲಿ ಬ್ರಿಟನ್ನಿನಲ್ಲಿ ಹೊಸದಾಗಿ ನೋಂದಾಯಿಸಿಕೊಂಡ ವಿದೇಶೀ ದಾದಿಯರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಬಹಳ ಇಳಿಯಿತು. ಆಸ್ಪತ್ರೆಯ ನೇಮಕದ ಪತ್ರ ಕೈಸೇರುವ ಮೊದಲೇ ತೋಟವನ್ನು ಅಡವಿಡುವುದು ಮಳೆ ಕಾಣದೆ ನಾಟಿಗಿಳಿದಂತೆ.

“ಹಾಗಲ್ಲ ಮೇಷ್ಟ್ರೇ, ಇವರೆಲ್ಲ ಹೋದರೆ ನಮ್ಮ ಜ್ವರಕ್ಕೆ ಯಾರು ದಿಕ್ಕು?” ಎಂದರು ಆ ಹಿರಿಯರು.

ಈ ಪ್ರಶ್ನೆಯನ್ನು ಹುಡುಗಿಗೆ ಹಾಕುವುದು ನ್ಯಾಯವಲ್ಲ. ಖಾಸಗಿ ಆಸ್ಪತ್ರೆಗಳ ದಾದಿಯರ ಸಂಬಳದ ವಿಚಾರ 2016ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ತಜ್ಞರ ಸಮಿತಿ ಏರ್ಪಟ್ಟಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದು ಸಮಿತಿ ಹೇಳಿತು. ಅಷ್ಟನ್ನೂ ಕೊಡಲೊಲ್ಲದ ನಾವು, ಹೋಗುವವರನ್ನು ದೇಶದ ಹೆಸರು ಹೇಳಿ ತಡೆಯುವುದು ಯಾವ ಮುಖದಿಂದ?

“ನಿನ್ನ ಮನಸ್ಸಿನಲ್ಲೇನಿದೆಯಮ್ಮ?” ಎಂದೆ.

“ಸಾರ್, ಓದುವುದಕ್ಕೆ ಹೆದರಿಕೆಯಿಲ್ಲ. ಅವರ ಇಂಗ್ಲಿಷ್ ಕಿವಿಗೆ ಹತ್ತುವುದಿಲ್ಲ. ಕೇಳುವ ಪರೀಕ್ಷೆಯಲ್ಲಿಯೇ ಸೋಲುತ್ತೇನೇನೋ ಎಂದು ಭಯ.”

ನನಗೆ ನಗು ಬಂತು. ‘ಶುಶ್ರೂಷೆ’ ಎಂಬ ಸಂಸ್ಕೃತ ಪದದ ಮೂಲಾರ್ಥವೇ ಕೇಳುವ ಬಯಕೆ. ಜ್ವರದಲ್ಲಿ ತೊದಲುವ ಮಲೆನಾಡಿನ ಅಜ್ಜಿಯ ಮಾತನ್ನು ಅರಿಯಬಲ್ಲ ಕಿವಿಗೆ, ದಿನಕ್ಕೊಂದು ಗಂಟೆಯಂತೆ ಆರು ತಿಂಗಳು ಅಭ್ಯಾಸ ಮಾಡಿದರೆ, ಇಂಗ್ಲೆಂಡಿನ ಅಜ್ಜಿಯ ಮಾತೂ ತಿಳಿದೀತು ಎಂದೆ. ಅವಳೂ ನಕ್ಕಳು.

ಕಡೆಯ ಬಸ್ಸಿಗೆ ಹೊತ್ತಾಯಿತೆಂದು ತಂದೆ ಎದ್ದರು. ಚಪ್ಪಲಿ ಮೆಟ್ಟುತ್ತ, “ಸದ್ಯ, ತೋಟ ಉಳಿಯಿತು” ಎಂದರು. ಹುಡುಗಿ ನನ್ನ ಕಪಾಟಿನಿಂದ ಇಂಗ್ಲಿಷ್ ನಿಘಂಟೊಂದನ್ನು ಕೇಳಿ ಪಡೆದುಕೊಂಡು ಹೋದಳು.