ವಿಮಾನ ಏರಿದ್ದು ನಮ್ಮ ನೆಲದಿಂದ, ಕೆಲಸ ಯಾರಿಗೆ?

ಕನ್ನಡದ ಯುವಕರೇ,

1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟಲು ಬಂದಾಗ ಜಾಗ ಕೊಟ್ಟು, ಬಂಡವಾಳವನ್ನೂ ಹಾಕಿದ್ದು ಮೈಸೂರು ಸರ್ಕಾರ. ಅದೇ ಇಂದಿನ ಎಚ್‌ಎಎಲ್. ಆಮೇಲೆ 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್. ದೇಶದ ರಕ್ಷಣೆಗೆ ಕನ್ನಡ ನೆಲ ಕೊಟ್ಟದ್ದು ಕಡಿಮೆಯೇ?

ಈಗ ಹಣದ ಮಾತು. 2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ. ಸೇನೆಯ ಆಧುನೀಕರಣದ ಹಣದಲ್ಲಿ ಶೇ. 75 ಭಾಗ ದೇಶದೊಳಗಿನ ಖರೀದಿಗೇ ಮೀಸಲು. 2025ರ ಮಾರ್ಚಿಯಲ್ಲಿ 156 ಪ್ರಚಂಡ್ ಹೆಲಿಕಾಪ್ಟರಿಗೆ 62,700 ಕೋಟಿ, ಸೆಪ್ಟೆಂಬರಿನಲ್ಲಿ 97 ತೇಜಸ್ ವಿಮಾನಕ್ಕೆ 62,370 ಕೋಟಿ ರೂಪಾಯಿಯ ಒಪ್ಪಂದ ಎಚ್‌ಎಎಲ್ ಪಾಲಿಗೆ ಬಂತು. ಪ್ರಚಂಡ್ ತಯಾರಾಗುವುದು ಬೆಂಗಳೂರು, ತುಮಕೂರಿನಲ್ಲೇ.

ಈ ಹಣ ದೊಡ್ಡ ಕಾರ್ಖಾನೆಯ ಗೇಟಿನೊಳಗೇ ನಿಲ್ಲುವಂಥದ್ದಲ್ಲ. ಬಿಡಿಭಾಗದ ಆರ್ಡರು ಕೈಯಿಂದ ಕೈಗೆ ಇಳಿದು, ಜಾಬ್ ವರ್ಕ್ ಆಗಿ ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯದ ಲೇತ್‌ಗಳವರೆಗೂ ಬರಬೇಕು. ಸಣ್ಣ ಘಟಕದ ಬಿಲ್ಲನ್ನು 45 ದಿನದೊಳಗೆ ಕೊಡಬೇಕು, ತಪ್ಪಿದರೆ ಚಕ್ರಬಡ್ಡಿ ಎನ್ನುತ್ತದೆ 2006ರ ಕಾಯ್ದೆ. ಆದರೆ ಮುಂದಿನ ಆರ್ಡರು ತಪ್ಪೀತೆಂಬ ಭಯದಲ್ಲಿರುವ ಸಣ್ಣ ಮಾಲೀಕ ಬಡ್ಡಿ ಕೇಳಿಯಾನೇ?

2018ರಲ್ಲಿ ಕೇಂದ್ರ ಎರಡು ರಕ್ಷಣಾ ಕಾರಿಡಾರ್ ಘೋಷಿಸಿತು. ಒಂದು ಉತ್ತರಪ್ರದೇಶಕ್ಕೆ, ಇನ್ನೊಂದು ತಮಿಳುನಾಡಿಗೆ. ನಮ್ಮ ಗಡಿಯಾಚೆಯ ಹೊಸೂರಿಗೆ ಸಿಕ್ಕಿತು, ಎಂಬತ್ತು ವರ್ಷದ ಅನುಭವವಿರುವ ಬೆಂಗಳೂರಿಗೆ ಸಿಗಲಿಲ್ಲ! ತಮಿಳರ ಮೇಲೆ ನಮಗೆ ಸಿಟ್ಟಿಲ್ಲ. ಅವರು ಕೇಳಿ ಪಡೆದರು. ನಮ್ಮ ಸಂಸದರಿಗೆ ಕೇಳುವ ಬಾಯಿ ಇರಲಿಲ್ಲವೇ?

ಉದ್ಯೋಗದ ಕಥೆಯೂ ಅಷ್ಟೇ. ಕೇಂದ್ರದ ಉದ್ದಿಮೆಗಳಲ್ಲಿ ಸಿ, ಡಿ ದರ್ಜೆಯ ಕೆಲಸ ಪೂರ್ತಿ ಕನ್ನಡಿಗರಿಗೇ ಸಿಗಬೇಕೆಂದ ಸರೋಜಿನಿ ಮಹಿಷಿ ವರದಿ 1986ರಲ್ಲಿ ಸರ್ಕಾರದ ಕೈ ಸೇರಿತು. ಅದಿನ್ನೂ ಶಾಸನವಾಗಿಲ್ಲ.

ನಮ್ಮ ಬೇಡಿಕೆ ಮೂರೇ. ಮಹಿಷಿ ವರದಿಗೆ ಕಾನೂನಿನ ಬಲ ಬರಲಿ. ಇಲ್ಲಿನ ರಕ್ಷಣಾ ಕಾರ್ಖಾನೆಗಳ ನೇಮಕಾತಿ ಪರೀಕ್ಷೆ ಕನ್ನಡದಲ್ಲೂ ನಡೆಯಲಿ. ಬಿಲ್ ಬಾಕಿ ಉಳಿಸಿಕೊಂಡವರ ಮೇಲೆ, ಸಣ್ಣ ಮಾಲೀಕ ದೂರು ಕೊಡುವವರೆಗೂ ಕಾಯದೆ, ಸರ್ಕಾರವೇ ಕ್ರಮ ಕೈಗೊಳ್ಳಲಿ.

ಬಾವುಟ ಹಿಡಿದರಷ್ಟೇ ಸಾಲದು, ತಮ್ಮಂದಿರೇ. ಐಟಿಐ ಮುಗಿಸಿದವರು ಅಪ್ರೆಂಟಿಸ್ ಜಾಹೀರಾತು ಬಂದ ದಿನವೇ ಅರ್ಜಿ ಹಾಕಿ, ಸಿಎನ್‌ಸಿ ಕಲಿಯಿರಿ. ಕೈಯಲ್ಲಿ ಕಸುಬು ಇದ್ದವನು ಕೇಳುವ ಹಕ್ಕಿಗೆ ಬೆಲೆ ಹೆಚ್ಚು. ಓಟು ಕೇಳಲು ಬಂದವರನ್ನು ಬೀದಿಯಲ್ಲೇ ನಿಲ್ಲಿಸಿ, ಈ ಮೂರಕ್ಕೂ ಉತ್ತರ ಕೇಳಿ.